ಮಳೆ ಚಳಿಗಳ ಮೈದಾನದಲ್ಲಿ ಕಾಲ್ಚೆಂಡು

ನಮ್ಮ ನಾಡಿನಲ್ಲಿ ಶಾಲೆಯ ಬಾಗಿಲು ತೆರೆಯುವ ಕಾಲಕ್ಕೂ ಮುಂಗಾರು ಕಾಲಿಡುವ ಕಾಲಕ್ಕೂ ಹೆಚ್ಚು ಅಂತರವಿಲ್ಲ. ಜೂನ್ ತಿಂಗಳಲ್ಲಿ ಪಾಠಗಳು ಮೊದಲಾಗುತ್ತವೆ. ಅವುಗಳ ಬೆನ್ನಲ್ಲೇ ಮಳೆಯೂ ಹಿಡಿಯುತ್ತದೆ. ಹೋಬಳಿ ಮತ್ತು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳು ಬಹುಮಟ್ಟಿಗೆ ನಡೆಯುವುದು ಇದಾದ ಕೆಲವೇ ತಿಂಗಳುಗಳೊಳಗೆ. ಆದುದರಿಂದ ಸೊರಬ, ಶಿಕಾರಿಪುರಗಳಂತಹ ಊರುಗಳ ಮಕ್ಕಳು ಆಟವನ್ನು ಅಭ್ಯಾಸ ಮಾಡಬೇಕಾದರೆ ಮಳೆಯ ನಡುವೆಯೇ ಮಾಡಬೇಕು. ಮಳೆ ಪೂರ್ತಿಯಾಗಿ ಬಿಡಲೆಂದು ಕಾದು ಕುಳಿತರೆ ಕ್ರೀಡಾಕೂಟವೇ ಮುಗಿದು ಹೋಗಿರುತ್ತದೆ.

ಈ ಎರಡು ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಯ ಉತ್ತರ ಭಾಗದಲ್ಲಿ ಒಂದಕ್ಕೊಂದು ಹೊಂದಿಕೊಂಡಿವೆ. ಸೊರಬದಲ್ಲಿ ದಂಡಾವತಿಯೂ ಶಿಕಾರಿಪುರದಲ್ಲಿ ಕುಮುದ್ವತಿಯೂ ಹರಿಯುತ್ತವೆ. ಎರಡೂ ಊರುಗಳು ಸಮುದ್ರಮಟ್ಟದಿಂದ ಸುಮಾರು ೬೦೦ ಮೀಟರ್ ಎತ್ತರದಲ್ಲಿವೆ. ಅರಬ್ಬಿ ಸಮುದ್ರದಿಂದ ಬರುವ ಮೋಡಗಳು ಘಟ್ಟದ ನೆತ್ತಿಯಲ್ಲಿ ತಮ್ಮ ಹೊರೆಯನ್ನು ಇಳಿಸಿ, ಪೂರ್ವಕ್ಕೆ ಸರಿದಂತೆಲ್ಲ ಹಗುರಾಗುತ್ತವೆ. ಇದೇ ಜಿಲ್ಲೆಯ ಆಗುಂಬೆಯಲ್ಲಿ ವರ್ಷಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಸೊರಬಕ್ಕೆ ಅದಕ್ಕಿಂತ ಬಹಳ ಕಡಮೆ; ಶಿಕಾರಿಪುರಕ್ಕೆ ಇನ್ನೂ ಕಡಮೆ. ಆದರೂ ಆಷಾಢ ಶ್ರಾವಣಗಳಲ್ಲಿ ದಿನಗಟ್ಟಲೆ ಬಿಡದೆ ಸುರಿಯುವ ಜಡಿಮಳೆ, ಅದರ ಜೊತೆಗೆ ಬೀಸುವ ಗಾಳಿ, ಕೆಸರೆದ್ದ ನೆಲ ಇವು ಎರಡು ಕಡೆಗಳಲ್ಲಿಯೂ ಉಂಟು. ಮಳೆಗಾಲ ಕಳೆದ ಮೇಲೆ ಧನುರ್ಮಾಸದ ಚಳಿ ಬರುತ್ತದೆ. ಆಗ ಮಂಜು ಮುಸುಕಿದ ಬೆಳಗಿನಲ್ಲಿ ಉಷ್ಣತೆಯು ೧೫ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುತ್ತದೆ.

ಇಂತಹ ಹವೆಯಲ್ಲಿ ಮಕ್ಕಳು ಕಾಲ್ಚೆಂಡನ್ನು ಆಡಬಹುದೆ? ಈ ಪ್ರಶ್ನೆ ಬಂದಾಗ ಮನೆಯಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. “ನೆನೆದರೆ ಜ್ವರ ಬಂದೀತು, ಹೋಗಬೇಡ” ಎಂದು ಅಜ್ಜಿ ಹೇಳುವಳು. “ಓಡುತ್ತಿದ್ದರೆ ಚಳಿಯೇ ಆಗದು” ಎಂದು ಮೊಮ್ಮಗ ವಾದಿಸುವನು. ಇವೆರಡರಲ್ಲಿಯೂ ಸತ್ಯಾಂಶವಿದೆ, ಯಾವುದೂ ಪೂರ್ಣ ಸತ್ಯವಲ್ಲ. ಯಾರ ಮಾತು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಭೌತಶಾಸ್ತ್ರದ ಕೆಲವು ಸುಲಭ ಲೆಕ್ಕಗಳಿಂದ ಗೊತ್ತುಮಾಡಬಹುದು.

ದೇಹವೆಂಬ ಒಲೆ

ಮೊದಲು ನಾವು ಶಾಖಕ್ಕೂ ಉಷ್ಣತೆಗೂ ಇರುವ ಭೇದವನ್ನು ನೆನಪಿನಲ್ಲಿಡಬೇಕು. ಉಷ್ಣತಾಮಾಪಕವು ಗಾಳಿಯ ಉಷ್ಣತೆಯನ್ನು ತೋರಿಸುತ್ತದೆ. ಆದರೆ ನಮಗೆ ಚಳಿಯಾಗುವುದು ಆ ಅಂಕೆಯಿಂದಲ್ಲ. ನಮ್ಮ ದೇಹವು ಎಷ್ಟು ವೇಗವಾಗಿ ಶಾಖವನ್ನು ಕಳೆದುಕೊಳ್ಳುತ್ತಿದೆ ಎಂಬುದರಿಂದ. ಒಂದೇ ಕೋಣೆಯಲ್ಲಿರುವ ಮರದ ಮಣೆಗೂ ಕಡೆಪದ ಕಲ್ಲಿನ ನೆಲಕ್ಕೂ ಉಷ್ಣತೆ ಒಂದೇ. ಆದರೂ ಬರಿಗಾಲಿಗೆ ಕಲ್ಲು ತಣ್ಣಗೆ ತೋರುತ್ತದೆ. ಕಲ್ಲು ಪಾದದ ಶಾಖವನ್ನು ಬೇಗ ಸೆಳೆದುಕೊಳ್ಳುವುದೇ ಇದಕ್ಕೆ ಕಾರಣ.

ನಮ್ಮ ದೇಹವು ಸದಾ ಉರಿಯುವ ಒಲೆಯಂತೆ. ಉಂಡ ಆಹಾರವೇ ಅದರ ಸೌದೆ. ೪೦ ಕಿಲೋಗ್ರಾಂ ತೂಕದ ಬಾಲಕನು ಸುಮ್ಮನೆ ಕುಳಿತಿರುವಾಗ ಆತನ ದೇಹದಲ್ಲಿ ಹುಟ್ಟುವ ಶಾಖವು ಸುಮಾರು ೭೦ ವಾಟ್, ಎಂದರೆ ಹಳೆಯ ಕಾಲದ ಒಂದು ವಿದ್ಯುದ್ದೀಪದಷ್ಟು. ಅದೇ ಬಾಲಕನು ಚೆಂಡಿನ ಹಿಂದೆ ಓಡತೊಡಗಿದರೆ ದೇಹವು ವ್ಯಯಿಸುವ ಶಕ್ತಿಯು ೪೦೦ ವಾಟನ್ನು ಮೀರುತ್ತದೆ. ಸ್ನಾಯುಗಳು ಈ ಶಕ್ತಿಯಲ್ಲಿ ಹೆಚ್ಚೆಂದರೆ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಚಲನೆಗೆ ತಿರುಗಿಸಬಲ್ಲವು. ಉಳಿದುದೆಲ್ಲ ಶಾಖವಾಗಿಯೇ ಹೊರಬೀಳುತ್ತದೆ. ಆದುದರಿಂದ ಓಡುವವನ ಒಲೆಯು ಕುಳಿತವನ ಒಲೆಗಿಂತ ನಾಲ್ಕೈದು ಪಟ್ಟು ಬಿರುಸಾಗಿ ಉರಿಯುತ್ತದೆ ಎಂದಾಯಿತು.

ಈಗ ಮಳೆಯು ಆತನಿಂದ ಕಸಿಯುವ ಶಾಖವನ್ನು ಲೆಕ್ಕ ಹಾಕೋಣ. ಗಂಟೆಗೆ ೧೦ ಮಿಲಿಮೀಟರ್ ಬೀಳುವ ಸಾಕಷ್ಟು ಜೋರಾದ ಮಳೆಯಲ್ಲಿ, ಮೇಲಿನಿಂದ ನೋಡಿದಾಗ ಕಾಲು ಚದರ ಮೀಟರಿನಷ್ಟು ವಿಸ್ತಾರವುಳ್ಳ ದೇಹದ ಮೇಲೆ ಗಂಟೆಗೆ ಎರಡೂವರೆ ಲೀಟರ್ ನೀರು ಬೀಳುತ್ತದೆ. ಆ ನೀರು ಮೈಮೇಲೆ ಹರಿದು ಹೋಗುವಾಗ ೮ ಡಿಗ್ರಿಯಷ್ಟು ಬೆಚ್ಚಗಾಯಿತೆಂದು ಹಿಡಿದರೆ, ಅದು ಒಯ್ಯುವ ಶಾಖವು ಸುಮಾರು ೨೩ ವಾಟ್ ಮಾತ್ರ. ಓಡುವವನಿಗೆ ಇದು ಯಾವ ಲೆಕ್ಕದ್ದೂ ಅಲ್ಲ. ಹೀಗೆ, ಆಟ ನಡೆಯುತ್ತಿರುವಷ್ಟು ಹೊತ್ತು ಮೊಮ್ಮಗನ ಮಾತೇ ಸರಿ.

ನೆನೆದ ಅಂಗಿಯ ಲೆಕ್ಕ

ಆದರೆ ಆಟ ನಿಲ್ಲುತ್ತದೆ. ಒಲೆಯ ಉರಿ ತಗ್ಗಿ ೭೦ ವಾಟಿಗೆ ಇಳಿಯುತ್ತದೆ. ಮೈಮೇಲಿನ ಬಟ್ಟೆ ಮಾತ್ರ ಒದ್ದೆಯಾಗಿಯೇ ಇರುತ್ತದೆ. ಇಲ್ಲಿಂದ ಅಜ್ಜಿಯ ಮಾತು ಮೊದಲಾಗುವುದು.

ಮಡಕೆಯ ನೀರು ಏಕೆ ತಂಪಾಗಿರುತ್ತದೆಂಬುದನ್ನು ವಾಚಕರು ಬಲ್ಲರು. ಮಡಕೆಯ ಹೊರಮೈಗೆ ಜಿನುಗಿದ ನೀರು ಆವಿಯಾಗುವಾಗ ತನಗೆ ಬೇಕಾದ ಗುಪ್ತೋಷ್ಣವನ್ನು ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ನೆನೆದ ಅಂಗಿಯನ್ನು ತೊಟ್ಟವನು ತಾನೇ ಒಂದು ಮಡಕೆಯಾಗುತ್ತಾನೆ. ಮೈಯ ಉಷ್ಣತೆಯಲ್ಲಿ ಒಂದು ಗ್ರಾಂ ನೀರು ಆವಿಯಾಗಬೇಕಾದರೆ ಸುಮಾರು ೫೮೦ ಕ್ಯಾಲೊರಿ ಶಾಖ ಬೇಕು. ಅಂಗಿ ಚಡ್ಡಿಗಳಲ್ಲಿ ೩೦೦ ಗ್ರಾಂ ನೀರು ಉಳಿದಿದೆಯೆಂದು ಇಟ್ಟುಕೊಳ್ಳೋಣ. ಅದೆಲ್ಲ ಮೈಮೇಲೆಯೇ ಆರಬೇಕಾದರೆ ೧,೭೪,೦೦೦ ಕ್ಯಾಲೊರಿ ಬೇಕಾಗುತ್ತದೆ. ಇಷ್ಟು ಶಾಖದಿಂದ ಎರಡು ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು! ಬಟ್ಟೆಯು ಎರಡು ಗಂಟೆಗಳಲ್ಲಿ ಆರಿತೆಂದರೆ ಶಾಖ ಸೋರುವ ವೇಗವು ೧೦೦ ವಾಟ್ ಆಗುತ್ತದೆ. ಇದರಲ್ಲಿ ಸ್ವಲ್ಪ ಪಾಲನ್ನು ಸುತ್ತಲಿನ ಗಾಳಿಯು ಕೊಡುವುದು ನಿಜ. ಉಳಿದುದನ್ನು ದೇಹವೇ ಕೊಡಬೇಕು. ಆದಾಯ ೭೦, ಒಂದು ಬಾಬಿನ ವೆಚ್ಚವೇ ೧೦೦ರ ಸುಮಾರು. ಇಂತಹ ಸಂಸಾರ ಎಷ್ಟು ದಿನ ನಡೆದೀತು? ಮೈ ನಡುಗತೊಡಗುವುದು ಆಗಲೇ. ನಡುಕವೆಂಬುದು ಮತ್ತೇನೂ ಅಲ್ಲ; ಸ್ನಾಯುಗಳನ್ನು ಒತ್ತಾಯದಿಂದ ದುಡಿಸಿ ಶಾಖವನ್ನು ಹುಟ್ಟಿಸಲು ದೇಹವು ಹೂಡುವ ಉಪಾಯ.

ಮಳೆಗಾಲದ ಗಾಳಿಯಲ್ಲಿ ತೇವ ತುಂಬಿರುವಾಗ ನೀರು ಆವಿಯಾಗುವುದು ಹೇಗೆಂದು ಕೆಲವರಿಗೆ ಸಂದೇಹ ಬರಬಹುದು. ಹಗ್ಗದ ಮೇಲೆ ಹರಡಿದ ಬಟ್ಟೆ ಆಗ ಆರುವುದಿಲ್ಲವೆಂಬುದು ದಿಟ. ಆದರೆ ಮೈಮೇಲಿನ ಬಟ್ಟೆಯ ಸ್ಥಿತಿ ಬೇರೆ. ೨೨ ಡಿಗ್ರಿಯ ಗಾಳಿಯಲ್ಲಿ ತೇವವು ತುಂಬಿ ತುಳುಕುತ್ತಿದ್ದರೂ ಅದರ ಆವಿಯ ಒತ್ತಡವು ಪಾದರಸದ ಸುಮಾರು ೨೦ ಮಿಲಿಮೀಟರ್ ಮಾತ್ರ. ೩೩ ಡಿಗ್ರಿಯಲ್ಲಿರುವ ಚರ್ಮದ ಮೇಲಿನ ನೀರಿನ ಆವಿಯ ಒತ್ತಡವಾದರೋ ಸುಮಾರು ೩೮ ಮಿಲಿಮೀಟರ್. ಒತ್ತಡ ಹೆಚ್ಚಿರುವ ಕಡೆಯಿಂದ ಕಡಮೆಯಿರುವ ಕಡೆಗೆ ಆವಿಯು ಹರಿಯಲೇಬೇಕು. ಆದುದರಿಂದ ಹಗ್ಗದ ಮೇಲೆ ಆರದ ಬಟ್ಟೆಯು ಮೈಮೇಲೆ ಆರುತ್ತದೆ. ಅದರ ಬೆಲೆಯನ್ನು ಮೈ ತೆರುತ್ತದೆ.

ಇನ್ನು ಗಾಳಿಯ ಪಾತ್ರ. ನಿಶ್ಚಲವಾದ ಗಾಳಿಯು ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗಿಸುತ್ತದೆ. ಒಣಗಿದ ಬಟ್ಟೆ ಬೆಚ್ಚಗಿರುವುದು ನೂಲಿನಿಂದಲ್ಲ, ನೂಲುಗಳ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ಹತ್ತಿಯ ಬಟ್ಟೆ ನೆನೆದರೆ ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ ಮತ್ತು ಬಟ್ಟೆ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಮಲೆನಾಡಿನ ರೈತನು ಮಳೆಯಲ್ಲಿ ಕಂಬಳಿಕೊಪ್ಪೆಯನ್ನು ನೆಚ್ಚಿದುದರಲ್ಲಿ ಒಳ್ಳೆಯ ಭೌತಶಾಸ್ತ್ರವಿದೆ. ಉಣ್ಣೆಯ ಎಳೆಗಳು ಗುಂಗುರಾಗಿರುವುದರಿಂದ ನೆನೆದ ಮೇಲೂ ಅವುಗಳ ನಡುವೆ ಸಾಕಷ್ಟು ಗಾಳಿ ಉಳಿಯುತ್ತದೆ. ಗೊರಬಿನ ಉಪಾಯ ಬೇರೆ. ಅದು ನೀರನ್ನು ಒಳಕ್ಕೇ ಬಿಡುವುದಿಲ್ಲ.

ಈ ಮಾತುಗಳನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಮೂರು ಲೋಹದ ಲೋಟಗಳಲ್ಲಿ ಒಂದೇ ಮಟ್ಟಕ್ಕೆ ಬಿಸಿನೀರನ್ನು ತುಂಬಿ ಮುಚ್ಚಿರಿ. ಒಂದನ್ನು ಬರಿದಾಗಿ ಬಿಡಿರಿ; ಇನ್ನೊಂದಕ್ಕೆ ಒಣಬಟ್ಟೆಯನ್ನೂ ಮೂರನೆಯದಕ್ಕೆ ಒದ್ದೆ ಬಟ್ಟೆಯನ್ನೂ ಸುತ್ತಿರಿ. ಐದೈದು ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿರಿ. ಅನಂತರ ಇದನ್ನೇ ಬೀಸಣಿಗೆಯ ಗಾಳಿಯಲ್ಲಿ ಮಾಡಿರಿ. ಒದ್ದೆ ಬಟ್ಟೆ ಸುತ್ತಿದ ಲೋಟವು ಬರಿಯ ಲೋಟಕ್ಕಿಂತಲೂ ಬೇಗ ತಣಿಯುವುದನ್ನು ಕಂಡಾಗ, ನೆನೆದ ಅಂಗಿಯನ್ನು ತೊಟ್ಟಿರುವುದಕ್ಕಿಂತ ತೆಗೆದು ಮೈ ಒರೆಸಿಕೊಳ್ಳುವುದು ಮೇಲೆಂಬುದು ಮನಸ್ಸಿನಲ್ಲಿ ನಿಲ್ಲುತ್ತದೆ.

ಚಿಕ್ಕವರಿಗೆ ಚಳಿ ಹೆಚ್ಚು

ಒಂದೇ ಮೈದಾನದಲ್ಲಿ ನಿಂತ ತಂದೆಗಿಂತ ಮಗನಿಗೆ ಬೇಗ ಚಳಿಯಾಗುತ್ತದೆ. ಇದಕ್ಕೆ ಕಾರಣವನ್ನು ರೇಖಾಗಣಿತವೇ ಹೇಳುತ್ತದೆ. ಒಂದು ಘನಾಕೃತಿಯ ಬಾಹುವನ್ನು ಇಮ್ಮಡಿ ಮಾಡಿದರೆ ಮೇಲ್ಮೈ ನಾಲ್ಕು ಪಟ್ಟಾಗುತ್ತದೆ, ಗಾತ್ರ ಎಂಟು ಪಟ್ಟಾಗುತ್ತದೆ. ಎಂದರೆ ವಸ್ತು ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದಾಗ ಅದರ ಮೇಲ್ಮೈ ದೊಡ್ಡದು. ಹಂಡೆಯ ನೀರು ಬಹಳ ಹೊತ್ತು ಬಿಸಿಯಾಗಿದ್ದು ಲೋಟದ ನೀರು ಬೇಗ ಆರಿಹೋಗುವುದು ಇದರಿಂದಲೇ. ೬೦ ಕಿಲೋಗ್ರಾಂ ತೂಕದ ತಂದೆಗೂ ೩೦ ಕಿಲೋಗ್ರಾಂ ತೂಕದ ಮಗನಿಗೂ ಆಕಾರ ಒಂದೇ ಎಂದು ಹಿಡಿದರೆ, ಒಂದೊಂದು ಕಿಲೋಗ್ರಾಂ ತೂಕಕ್ಕೆ ಮಗನ ಮೇಲ್ಮೈ ತಂದೆಯದಕ್ಕಿಂತ ಕಾಲುಭಾಗದಷ್ಟು ಹೆಚ್ಚು. ತೆಳ್ಳಗಿನ ಮಕ್ಕಳಲ್ಲಿ ಚರ್ಮದ ಕೆಳಗಿನ ಕೊಬ್ಬಿನ ಪದರವೂ ತೆಳುವಾಗಿರುತ್ತದೆ. ಆದುದರಿಂದ ದಡದಲ್ಲಿ ಕೊಡೆ ಹಿಡಿದು ನಿಂತ ಅಧ್ಯಾಪಕರು ತಮಗೆ ಚಳಿಯಾಗುತ್ತಿಲ್ಲವೆಂಬುದನ್ನೇ ಮಕ್ಕಳಿಗೂ ಅಳತೆಗೋಲಾಗಿ ಹಿಡಿಯಬಾರದು.

ಆಡುವ ಹನ್ನೊಂದು ಮಂದಿಯಲ್ಲಿಯೂ ಸ್ಥಿತಿ ಒಂದೇ ಅಲ್ಲ. ಮಧ್ಯದ ಆಟಗಾರನು ನಿಲ್ಲದೆ ಓಡುತ್ತಾನೆ. ಗೋಲಿನ ಕಾವಲಿಗನು ಬಹಳ ಹೊತ್ತು ನಿಂತೇ ಇರುತ್ತಾನೆ. ತಂಡವು ಚೆನ್ನಾಗಿ ಆಡಿದಷ್ಟೂ ಆತನ ಚಳಿ ಹೆಚ್ಚುವುದು! ಸರದಿಗಾಗಿ ದಡದಲ್ಲಿ ಕುಳಿತ ಬದಲಿ ಆಟಗಾರರ ಪಾಡು ಇದಕ್ಕಿಂತಲೂ ಕಷ್ಟ. ಮಳೆಯಲ್ಲಿ ಮೊದಲು ನೋಡಬೇಕಾದುದು ಇವರನ್ನು. ಕಾವಲಿಗನು ನಿಂತಲ್ಲಿಯೇ ಕಾಲಾಡಿಸುತ್ತಿರಬೇಕು, ಸಾಧ್ಯವಾದರೆ ಅರ್ಧ ಆಟಕ್ಕೊಮ್ಮೆ ಬದಲಾಗಬೇಕು. ಕುಳಿತವರು ಒಣಗಿದ ಹೊದಿಕೆಯೊಳಗೆ, ಸೂರಿನ ಕೆಳಗೆ ಇರಬೇಕು.

ದೇಹದ ಒಳಗಿನ ಉಷ್ಣತೆಯು ಸಾಧಾರಣವಾಗಿ ೩೭ ಡಿಗ್ರಿ. ಅದು ೩೫ಕ್ಕಿಂತ ಕೆಳಗಿಳಿದರೆ ಅಪಾಯವೆಂದು ವೈದ್ಯರು ಎಣಿಸುತ್ತಾರೆ. ಮಾತು ತೊದಲುವುದು, ಕೈ ಮರಗಟ್ಟುವುದು, ಮಂಕು ಕವಿಯುವುದು ಇದರ ಕುರುಹುಗಳು. ಹೀಗಾಗಲು ಹಿಮದ ನಾಡೇ ಬೇಕೆಂದಿಲ್ಲ. ೧೯೬೪ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಡಾರ್ಬಿಷೈರ್ ಬೆಟ್ಟಗಳಲ್ಲಿ ನಡೆದ ಒಂದು ದೀರ್ಘ ನಡಿಗೆಯ ಸ್ಪರ್ಧೆಯಲ್ಲಿ ಮೂವರು ಸ್ಕೌಟ್ ತರುಣರು ಮಳೆ, ಗಾಳಿ, ಬಳಲಿಕೆಗಳು ಒಂದುಗೂಡಿದುದರಿಂದ ಮಡಿದರು. ೧೯೫೩ರ ಎವರೆಸ್ಟ್ ಯಾತ್ರೆಯಲ್ಲಿ ಭಾಗವಹಿಸಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಈ ದುರಂತವನ್ನು ಕೂಲಂಕಷವಾಗಿ ಪರಿಶೀಲಿಸಿ, ನೆನೆದ ಬಟ್ಟೆಯು ಗಾಳಿಗೆ ಒಡ್ಡಿದಾಗ ತನ್ನ ರಕ್ಷಣಾಶಕ್ತಿಯ ಬಹುಭಾಗವನ್ನು ಕಳೆದುಕೊಳ್ಳುತ್ತದೆಂದು ಪ್ರಯೋಗಗಳಿಂದ ತೋರಿಸಿದನು. ೨೦೨೧ರ ಮೇ ೨೨ರಂದು ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ ೧೦೦ ಕಿಲೋಮೀಟರುಗಳ ಗುಡ್ಡದ ಓಟದ ನಡುವೆ ತಣ್ಣನೆಯ ಮಳೆ ಗಾಳಿಗಳು ಎರಗಿದಾಗ ೨೧ ಮಂದಿ ಓಟಗಾರರು ಪ್ರಾಣ ಬಿಟ್ಟರು. ಅವರು ದುರ್ಬಲರಲ್ಲ, ಪಳಗಿದ ಓಟಗಾರರು. ಬಳಲಿ ವೇಗ ತಗ್ಗಿದೊಡನೆ ಅವರ ಒಲೆಯ ಉರಿ ತಗ್ಗಿತು. ವೆಚ್ಚ ಮಾತ್ರ ತಗ್ಗಲಿಲ್ಲ.

ಸೊರಬದ ಮಳೆಯಲ್ಲಿ ಮುಕ್ಕಾಲು ಗಂಟೆ ಆಡಿದ ಆರೋಗ್ಯವಂತ ಬಾಲಕನಿಗೆ ಇಂತಹ ಗತಿ ಒದಗದು. ಆದರೆ ಲೆಕ್ಕದ ರೀತಿ ಒಂದೇ. ಆಟ ಮುಗಿದ ಮೇಲೆ ಅದೇ ಒದ್ದೆ ಸಮವಸ್ತ್ರದಲ್ಲಿ ಬಸ್ಸಿಗಾಗಿ ಒಂದು ಗಂಟೆ ಕಾಯುವ, ಇಲ್ಲವೆ ಹಸಿದ ಹೊಟ್ಟೆಯಲ್ಲಿ ಮೂರು ಮೈಲಿ ನಡೆಯುವ ಮಗುವು ಆಟದ ಹೊತ್ತಿನಲ್ಲಿ ಕಾಣದ ಚಳಿಯನ್ನು ಆಗ ಕಾಣುತ್ತದೆ.

ಜ್ವರದ ಮಾತು

ನೆನೆಯುವುದರಿಂದಲೇ ಜ್ವರ ಬರುತ್ತದೆಯೆ? ನೆಗಡಿಯನ್ನು ತರುವುದು ವೈರಸ್ಸು, ಮಳೆಯ ನೀರಲ್ಲ. ಆದರೆ ಮೂಗಿನ ಒಳಪೊರೆಯು ತಣ್ಣಗಾದಾಗ ನೆಗಡಿಯ ಕೆಲವು ವೈರಸ್ಸುಗಳು ಸುಲಭವಾಗಿ ವೃದ್ಧಿಯಾಗುತ್ತವೆಂದು ಪ್ರಯೋಗಗಳು ತೋರಿಸಿರುವುದರಿಂದ ಅಜ್ಜಿಯ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಇದಕ್ಕಿಂತ ಮುಖ್ಯವಾದ ಸಂಗತಿಯೊಂದಿದೆ. ಎಲ್ಲ ಜ್ವರಕ್ಕೂ ಮಳೆಯನ್ನೇ ದೂರುವ ಅಭ್ಯಾಸದಿಂದ ನಿಜವಾದ ಕಾರಣಗಳು ಮರೆಯಾಗುತ್ತವೆ. ಇಲಿ ಮತ್ತು ದನಗಳ ಮೂತ್ರ ಬೆರೆತ ಕೆಸರು ನೀರಿನಿಂದ, ಕಾಲಿನ ಗಾಯಗಳ ಮೂಲಕ, ಇಲಿಜ್ವರದ ರೋಗಾಣುಗಳು ದೇಹವನ್ನು ಸೇರುತ್ತವೆ. ಗಾಯವಿದ್ದವನು ಕೆಸರಿಗೆ ಇಳಿಯಬಾರದೆಂಬುದು ಇದರಿಂದ ಸಿದ್ಧವಾಗುತ್ತದೆ. ಗಾಯವಿಲ್ಲದವನು ಮಳೆಗೆ ಇಳಿಯಬಾರದೆಂದಲ್ಲ.

ಚಳಿಗಾಲದ ಜ್ವರಕ್ಕೂ ಹೀಗೆಯೇ. ಮಂಗನ ಕಾಯಿಲೆಯೆಂದು ಹೆಸರಾದ ರೋಗವು ಮೊದಲು ಗೊತ್ತಾದುದು ೧೯೫೭ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಕಾಡಿನ ಉಣುಗುಗಳು ಕಚ್ಚುವುದರಿಂದ ಹರಡುವ ಈ ರೋಗದ ಹಾವಳಿಯು ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು. ಆ ಕಾಲದಲ್ಲಿ ಕಾಡಂಚಿನ ಮೈದಾನದಿಂದ ಚೆಂಡು ಪೊದೆಯೊಳಕ್ಕೆ ಉರುಳಿದರೆ, ಅದನ್ನು ತರಲು ಬರಿಗಾಲಿನ ಹುಡುಗನನ್ನು ಕಳುಹಿಸುವುದು ಬೆಳಗಿನ ಚಳಿಗಿಂತ ಹೆಚ್ಚಿನ ಅಪಾಯ.

ಚೆಂಡಿಗೂ ಚಳಿ

ಚಳಿಯು ಆಟಗಾರನನ್ನು ಮಾತ್ರವಲ್ಲ, ಚೆಂಡನ್ನೂ ಬಾಧಿಸುತ್ತದೆ. ನಿಯಮಗಳ ಪ್ರಕಾರ ಕಾಲ್ಚೆಂಡಿನ ಸುತ್ತಳತೆ ೬೮ರಿಂದ ೭೦ ಸೆಂಟಿಮೀಟರ್, ತೂಕ ೪೧೦ರಿಂದ ೪೫೦ ಗ್ರಾಂ. ಒಳಗಿನ ಗಾಳಿಯ ಒತ್ತಡವು ಹೊರಗಿನದಕ್ಕಿಂತ ೦.೬ರಿಂದ ೧.೧ ವಾಯುಭಾರದಷ್ಟು ಹೆಚ್ಚಿರಬೇಕು. ಶಿಕಾರಿಪುರದ ಎತ್ತರದಲ್ಲಿ ಹೊರಗಿನ ಒತ್ತಡವು ಸುಮಾರು ೦.೯೩ ವಾಯುಭಾರ. ಮಧ್ಯಾಹ್ನ ೩೨ ಡಿಗ್ರಿಯಲ್ಲಿ ಚೆಂಡಿಗೆ ೦.೮ ವಾಯುಭಾರದಷ್ಟು ಗಾಳಿ ತುಂಬಿದೆವೆನ್ನೋಣ. ಒಳಗಿನ ಒಟ್ಟು ಒತ್ತಡ ೧.೭೩ ಆಯಿತು. ಮರುದಿನ ಬೆಳಗ್ಗೆ ೧೫ ಡಿಗ್ರಿಯಲ್ಲಿ ಅದೇ ಚೆಂಡನ್ನು ತೆಗೆದರೆ, ನಿರಪೇಕ್ಷ ಉಷ್ಣತೆಯು ೩೦೫ರಿಂದ ೨೮೮ಕ್ಕೆ ಇಳಿದಿರುವುದರಿಂದ ಒಟ್ಟು ಒತ್ತಡವು ೧.೬೩ಕ್ಕೆ ಇಳಿದಿರುತ್ತದೆ, ಹೊರಗಿನದಕ್ಕಿಂತ ಹೆಚ್ಚಿರುವ ಪಾಲು ೦.೭ ಮಾತ್ರ. ಒಂದು ತೊಟ್ಟು ಗಾಳಿಯೂ ಸೋರದೆ ಚೆಂಡು ಮೆತ್ತಗಾಯಿತು! ಚಳಿದೇಶಗಳಲ್ಲಿ ಸೊನ್ನೆಗಿಂತ ೫ ಡಿಗ್ರಿ ಕೆಳಗಿನ ಹವೆಯಲ್ಲಿ ಇದೇ ಚೆಂಡಿನ ಒತ್ತಡವು ೦.೬ಕ್ಕಿಂತ ಕೆಳಗಿಳಿದು ನಿಯಮಬಾಹಿರವೇ ಆಗುತ್ತದೆ. ಆದುದರಿಂದ ಚೆಂಡಿಗೆ ಗಾಳಿ ತುಂಬಬೇಕಾದುದು ಆಡುವ ಹೊತ್ತಿಗೆ, ಆಡುವ ಜಾಗದಲ್ಲಿ.

ಮಳೆಯಲ್ಲಿ ಚೆಂಡಿನ ನಡತೆ ಮತ್ತೊಂದು ಬಗೆ. ಹಿಂದಿನ ಕಾಲದ ಚರ್ಮದ ಚೆಂಡು ನೀರು ಕುಡಿದು ಭಾರವಾಗುತ್ತಿತ್ತು. ಇಂದಿನ ಕೃತಕ ವಸ್ತುವಿನ ಚೆಂಡು ಹೆಚ್ಚು ಹೀರುವುದಿಲ್ಲ. ಆದರೆ ಹೊಲಿಗೆ ಬಿಟ್ಟ ಹಳೆಯ ಚೆಂಡುಗಳು ಈಗಲೂ ನೀರು ಕುಡಿಯುತ್ತವೆ. ಅಂಥವನ್ನು ಮಕ್ಕಳು ತಲೆಯಿಂದ ಹೊಡೆಯುವುದು ತರವಲ್ಲ. ತೆಳುವಾಗಿ ನೆನೆದ ಹುಲ್ಲಿನ ಮೇಲೆ ಘರ್ಷಣೆ ಕಡಮೆಯಾಗಿ ಚೆಂಡು ಎಣಿಸಿದುದಕ್ಕಿಂತ ಬೇಗ ಜಾರಿಬರುತ್ತದೆ. ನೀರು ನಿಂತ ಗುಂಡಿಯಲ್ಲಿಯಾದರೋ ತಟಕ್ಕನೆ ನಿಲ್ಲುತ್ತದೆ. ಏಕೆಂದರೆ ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಎಂಟುನೂರು ಪಟ್ಟಿಗೂ ಹೆಚ್ಚು. ಇದನ್ನರಿತ ಆಟಗಾರನು ಹುಲ್ಲಿನ ಕಡೆ ಚೆಂಡನ್ನು ನೆಲದ ಮೇಲೆ ತಳ್ಳುತ್ತಾನೆ, ನೀರಿನ ಕಡೆ ಮೇಲಕ್ಕೆತ್ತಿ ಕಳುಹಿಸುತ್ತಾನೆ.

ನೆಲವೂ ಪಾದವೂ

ಸೆಕೆಂಡಿಗೆ ೬ ಮೀಟರ್ ವೇಗದಲ್ಲಿ ಓಡುವವನು ಜಾರಿ ನಿಲ್ಲಬೇಕಾದರೆ ಎಷ್ಟು ದೂರ ಬೇಕು? ಒಣನೆಲದಲ್ಲಿ ಘರ್ಷಣೆಯ ಗುಣಾಂಕ ೦.೬ ಎಂದು ಹಿಡಿದರೆ ಸುಮಾರು ೩ ಮೀಟರ್. ಒದ್ದೆಯಾದ ಕೆಮ್ಮಣ್ಣಿನಲ್ಲಿ ಅದು ೦.೨ಕ್ಕೆ ಇಳಿದರೆ ೯ ಮೀಟರಿಗೂ ಹೆಚ್ಚು. ಎದುರಾಳಿಯು ೩ ಮೀಟರ್ ದೂರದಲ್ಲಿದ್ದರೆ ಡಿಕ್ಕಿಯು ಅನಿವಾರ್ಯ. ಕೆಸರಿನಲ್ಲಿ ಮಂಡಿ ಹಿಮ್ಮಡಿಗಳು ಉಳುಕುವುದಕ್ಕೆ ಒರಟುತನಕ್ಕಿಂತ ಈ ಗಣಿತವೇ ಹೆಚ್ಚಾಗಿ ಕಾರಣ. ಮಳೆಯಲ್ಲಿ ಹೆಜ್ಜೆಗಳು ಚಿಕ್ಕವಾಗಿರಬೇಕು, ತಿರುವು ನಿಧಾನವಾಗಿರಬೇಕು.

ಮೊಳೆಗಳುಳ್ಳ ಬೂಟಿನ ಉಪಯೋಗವೂ ಇಲ್ಲಿಯೇ. ೪೦ ಕಿಲೋಗ್ರಾಂ ತೂಕದವನ ಬರಿಗಾಲು ೧೦೦ ಚದರ ಸೆಂಟಿಮೀಟರಿನಷ್ಟು ನೆಲವನ್ನು ಮುಟ್ಟಿದರೆ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಬೀಳುವ ಭಾರ ೪೦೦ ಗ್ರಾಂ. ಒಂದೊಂದು ಚದರ ಸೆಂಟಿಮೀಟರಿನ ಹನ್ನೆರಡು ಮೊಳೆಗಳ ಮೇಲೆ ನಿಂತರೆ ಅದು ೩,೩೦೦ ಗ್ರಾಂ. ಮೊಳೆಗಳು ಮೆತ್ತನೆಯ ನೆಲದೊಳಕ್ಕೆ ಇಳಿದು ಹಿಡಿದುಕೊಳ್ಳುತ್ತವೆ. ಬರಿಗಾಲು ಮೇಲೆಯೇ ಜಾರುತ್ತದೆ.

ನಮ್ಮ ದೇಶದ ಕಾಲ್ಚೆಂಡಿನ ಚರಿತ್ರೆಯಲ್ಲಿ ಈ ಪಾಠ ಕಟುವಾಗಿ ದೊರೆಯಿತು. ೧೯೫೧ರಲ್ಲಿ ದೆಹಲಿಯಲ್ಲಿ ನಡೆದ ಏಷ್ಯಾ ಕ್ರೀಡಾಕೂಟದಲ್ಲಿ ಭಾರತವು ಇರಾನನ್ನು ೧–೦ರಿಂದ ಸೋಲಿಸಿ ಚಿನ್ನ ಗೆದ್ದಿತು. ಮರುವರ್ಷ ಜುಲೈ ೧೫ರಂದು ಹೆಲ್ಸಿಂಕಿಯ ಒಲಿಂಪಿಕ್ ಪಂದ್ಯದಲ್ಲಿ ಯುಗೊಸ್ಲಾವಿಯದ ಎದುರು ೧೦–೧ರಿಂದ ಸೋತಿತು. ಆ ಉತ್ತರದೇಶದ ತಣ್ಣನೆಯ ನೆಲದಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿದರು. ಭಾರತದ ಪರವಾಗಿ ಬಂದ ಒಂದೇ ಗೋಲನ್ನು ಹೊಡೆದವನು ಬೆಂಗಳೂರಿನ ಅಹ್ಮದ್ ಖಾನ್. ಸೋಲಿಗೆ ಬರಿಗಾಲೊಂದೇ ಕಾರಣವೆನ್ನಲಾಗದು. ಎದುರಾಳಿ ತಂಡವು ಅದೇ ಒಲಿಂಪಿಕ್ಕಿನಲ್ಲಿ ಬೆಳ್ಳಿ ಗೆದ್ದ ಬಲಿಷ್ಠ ತಂಡ. ಆದರೂ ಅದಾದ ಮೇಲೆ ಭಾರತದ ತಂಡಕ್ಕೆ ಬೂಟು ಕಡ್ಡಾಯವಾಯಿತು. ೧೯೫೬ರ ಮೆಲ್ಬೋರ್ನ್ ಒಲಿಂಪಿಕ್ಕಿನಲ್ಲಿ ನಮ್ಮ ತಂಡ ನಾಲ್ಕನೆಯ ಸ್ಥಾನವನ್ನು ಪಡೆಯಿತು.

ಚಳಿಯಲ್ಲಿ ಬರಿಗಾಲಿಗೆ ಹಿಡಿತದ ಕೊರತೆಯಷ್ಟೇ ಅಲ್ಲ, ಅರಿವಿನ ಕೊರತೆಯೂ ಉಂಟು. ದೇಹವು ಒಳಗಿನ ಅಂಗಗಳನ್ನು ಬೆಚ್ಚಗಿಡುವ ಸಲುವಾಗಿ ಕೈಕಾಲುಗಳ ತುದಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ತಣಿದ ನರಗಳಲ್ಲಿ ಸಂದೇಶ ಸಾಗುವ ವೇಗವು ಪ್ರತಿಯೊಂದು ಡಿಗ್ರಿಗೂ ಸೆಕೆಂಡಿಗೆ ಒಂದೂವರೆ ಎರಡು ಮೀಟರಿನಷ್ಟು ಇಳಿಯುತ್ತದೆ. ಮರಗಟ್ಟಿದ ಪಾದಕ್ಕೆ ಚೆಂಡಿನ ಸ್ಪರ್ಶ ಸರಿಯಾಗಿ ತಿಳಿಯದು. ಮುಳ್ಳು ಚುಚ್ಚಿದುದೂ ತಿಳಿಯದು. ಚಳಿಗಾಲದ ಬೆಳಗಿನಲ್ಲಿ ಆಟಕ್ಕೆ ಮುನ್ನ ಹತ್ತು ನಿಮಿಷ ಮೆಲ್ಲಗೆ ಓಡಬೇಕೆನ್ನುವುದು ಈ ಕಾರಣಕ್ಕಾಗಿ.

ಲೆಕ್ಕ ಕೇಳದ ಶತ್ರು

ಇದುವರೆಗೆ ಹೇಳಿದ ಕಷ್ಟಗಳಿಗೆಲ್ಲ ಉಪಾಯವುಂಟು. ಒಂದಕ್ಕೆ ಮಾತ್ರ ಆಟವನ್ನು ನಿಲ್ಲಿಸುವುದೇ ಉಪಾಯ. ಅದು ಸಿಡಿಲು. ಅದರ ವಿದ್ಯುತ್ಪ್ರವಾಹವು ಸಾಮಾನ್ಯವಾಗಿ ೩೦,೦೦೦ ಆಂಪೇರ್. ಅದು ಹರಿಯುವ ಹಾದಿಯ ಗಾಳಿಯು ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿಯಾಗುತ್ತದೆ. ಬಯಲಿನಲ್ಲಿ ನಿಂತ ಆಟಗಾರನೇ ಅಲ್ಲಿ ಎತ್ತರದ ವಸ್ತು. ಹತ್ತಿರ ಬಿದ್ದ ಸಿಡಿಲೂ ಕೊಲ್ಲಬಲ್ಲುದು. ಪ್ರವಾಹವು ನೆಲದಲ್ಲಿ ಹರಡುವಾಗ ಅಗಲಿಸಿ ನಿಂತ ಎರಡು ಪಾದಗಳ ನಡುವೆ ವಿದ್ಯುದ್ವಿಭವದ ಅಂತರವೇರ್ಪಟ್ಟು, ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಮರದಡಿಯಲ್ಲಿ ನಿಂತ ದನಗಳು ಒಟ್ಟಿಗೆ ಸಾಯುವುದು ಹೀಗೆಯೇ. ಅವುಗಳ ಮುಂಗಾಲಿಗೂ ಹಿಂಗಾಲಿಗೂ ದೂರ ಹೆಚ್ಚು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ನೋಡಲು ಭೀಕರವಾದ ಜುಲೈ ತಿಂಗಳ ಜಡಿಮಳೆಯಲ್ಲಿ ಸಿಡಿಲು ಅಪರೂಪ. ಮೋಡದಲ್ಲಿ ವಿದ್ಯುತ್ತು ಸಂಗ್ರಹವಾಗಬೇಕಾದರೆ ಅದು ಬಹಳ ಎತ್ತರಕ್ಕೆ ಬೆಳೆದು, ಒಳಗೆ ಹಿಮದ ಕಣಗಳೂ ಮೆದು ಆಲಿಕಲ್ಲುಗಳೂ ತಾಕಲಾಡಬೇಕು. ಘಟ್ಟದ ಮುಂಗಾರು ಮೋಡಗಳು ಹೆಚ್ಚಾಗಿ ಅಷ್ಟು ಎತ್ತರಕ್ಕೆ ಏರುವುದಿಲ್ಲ. ಏಪ್ರಿಲ್ ಮೇ ತಿಂಗಳುಗಳ ಮತ್ತು ಅಕ್ಟೋಬರಿನ ಸಂಜೆಯ ಮಳೆಗಳಾದರೋ ಅರ್ಧ ಗಂಟೆಯಲ್ಲಿ ಮುಗಿದರೂ ಗುಡುಗು ಸಿಡಿಲುಗಳನ್ನು ಹೊತ್ತು ಬರುತ್ತವೆ. ಮಕ್ಕಳು ಬೇಸಿಗೆಯ ರಜೆಯಲ್ಲಿ “ಸಣ್ಣ ಮಳೆ ತಾನೆ” ಎಂದು ಆಡುತ್ತಲೇ ಇರುವುದು ಆಗಲೇ.

ಮಿಂಚು ಕಂಡೊಡನೆ ಎಣಿಸತೊಡಗಿರಿ. ಶಬ್ದವು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ೩೦ ಸೆಕೆಂಡುಗಳೊಳಗೆ ಗುಡುಗು ಕೇಳಿಸಿದರೆ ಸಿಡಿಲು ೧೦ ಕಿಲೋಮೀಟರಿನೊಳಗಿದೆ. ಅದರ ಮುಂದಿನ ಹೊಡೆತವು ನಿಮ್ಮ ಮೈದಾನದಲ್ಲಿಯೇ ಬೀಳಬಹುದು. ತತ್‌ಕ್ಷಣ ಎಲ್ಲರೂ ಶಾಲೆಯ ಕಟ್ಟಡದೊಳಕ್ಕೆ ಇಲ್ಲವೆ ಲೋಹದ ಮೈಯುಳ್ಳ ಬಸ್ಸಿನೊಳಕ್ಕೆ ಸೇರತಕ್ಕದ್ದು. ಮರದಡಿಯೂ ಗೋಲಿನ ಕಂಬಗಳ ಬಳಿಯೂ ನಿಲ್ಲಬಾರದು. ಕೊನೆಯ ಗುಡುಗು ಕೇಳಿದ ಮೇಲೆ ೩೦ ನಿಮಿಷ ಕಳೆಯುವವರೆಗೆ ಹೊರಬರಬಾರದು. ಗೆಲ್ಲಲು ಒಂದೇ ಗೋಲು ಬಾಕಿಯಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ.

ಏನು ಮಾಡಬೇಕು?

ಮಳೆ ಬಂದ ದಿನ ಅಧ್ಯಾಪಕರು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಮೂರು. ಗುಡುಗು ಉಂಟೆ? ಉಂಟಾದರೆ ಆಟವಿಲ್ಲ. ಗಾಳಿಯೂ ಜೋರಾಗಿದೆಯೆ? ಹಾಗಿದ್ದರೆ ಆಟದ ಹೊತ್ತನ್ನು ಮೊಟಕುಮಾಡಿ, ಯಾರನ್ನೂ ಸುಮ್ಮನೆ ನಿಲ್ಲಿಸದಂತೆ ನೋಡಿಕೊಳ್ಳಬೇಕು. ಆಟ ಮುಗಿದ ಮೇಲೆ ಮಕ್ಕಳು ತೊಡುವುದೇನು, ಕುಡಿಯುವುದೇನು, ಮನೆ ಸೇರುವುದು ಹೇಗೆ? ಬಹುಮಂದಿ ಮರೆಯುವುದು ಈ ಮೂರನೆಯದನ್ನು.

ಇದಕ್ಕೆ ಹೆಚ್ಚಿನ ಖರ್ಚೇನೂ ಬೇಡ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಒಂದು ಒಣ ಅಂಗಿ, ಒಂದು ಹಳೆಯ ಪಂಚೆಯ ತುಂಡು ಸಾಕು. ಆಟ ನಿಂತ ಐದು ನಿಮಿಷದೊಳಗೆ ತಲೆ ಮೈ ಒರೆಸಿ ಒಣಬಟ್ಟೆ ತೊಟ್ಟರೆ, ಲೆಕ್ಕದಲ್ಲಿ ಕಂಡ ೧೦೦ ವಾಟಿನ ಸೋರಿಕೆ ಒಡನೆಯೇ ನಿಲ್ಲುತ್ತದೆ. ಎಲ್ಲ ಮಕ್ಕಳಿಗೂ ಎರಡನೆಯ ಅಂಗಿ ಇರುವುದಿಲ್ಲ. ಅಂಥವರಿಗಾಗಿ ಶಾಲೆಯ ಬೀರುವಿನಲ್ಲಿ ಹತ್ತು ಹನ್ನೆರಡು ಒಣ ಅಂಗಿಗಳನ್ನೂ ಒಂದೆರಡು ಕಂಬಳಿಗಳನ್ನೂ ಇಡುವುದು ಚೆಂಡನ್ನು ಕೊಳ್ಳುವಷ್ಟೇ ಅಗತ್ಯವಾದ ಕೆಲಸ. ಬಿಸಿಯೂಟದ ಅಡುಗೆಮನೆಯಲ್ಲಿ ಒಂದು ಪಾತ್ರೆ ಗಂಜಿಯನ್ನೋ ಕಷಾಯವನ್ನೋ ಕಾಯಿಸಿಟ್ಟರೆ ಇನ್ನೂ ಮೇಲು. ಬಿಸಿಯ ಗುಟುಕು ತಾನಾಗಿ ಕೊಡುವ ಶಾಖ ಅಲ್ಪ. ಅದರೊಡನೆ ಹೊಟ್ಟೆ ಸೇರುವ ಆಹಾರವೇ ಒಲೆಗೆ ಸೌದೆ.

ಕ್ರೀಡಾಕೂಟದ ಪಟ್ಟಿಯಲ್ಲಿ ಹೆಸರು ಬರಲೆಂದು ಮಳೆಯಲ್ಲಿ ಅಭ್ಯಾಸ ಮಾಡುವ ಮಗುವನ್ನು ಮನೆಯಲ್ಲಿ ಕೂಡಿಹಾಕಿದರೆ ಅದು ಒಂದು ವರ್ಷದ ಅವಕಾಶವನ್ನು ಕಳೆದುಕೊಳ್ಳುತ್ತದೆ. ನೆನೆದ ಅಂಗಿಯಲ್ಲಿಯೇ ಮನೆಗೆ ಕಳುಹಿಸಿದರೆ ದಾರಿಯುದ್ದಕ್ಕೂ ಚಳಿಯಿಂದ ನಡುಗೀತು. ಮಳೆಯಲ್ಲಿ ಆಡಗೊಡುವುದು, ಆಟ ನಿಂತೊಡನೆ ಒಣಗಿಸುವುದು, ಗುಡುಗು ಕೇಳಿದೊಡನೆ ಒಳಗೆ ಕರೆಯುವುದು ಇಷ್ಟನ್ನು ಪಾಲಿಸಿದರೆ ಅಜ್ಜಿಯ ಕಳವಳಕ್ಕೂ ಮೊಮ್ಮಗನ ಹಂಬಲಕ್ಕೂ ಸಮಾಧಾನ ದೊರೆಯುತ್ತದೆ.